ಅಪ್ಪನ 11,000 ಹಾಡು, 140 ಕ್ಯಾಸೆಟ್: ಕಂಪ್ಯೂಟರ್‌ನಲ್ಲಿ ಜೋಡಿಸುವುದು ಹೇಗೆ?

ವರದಾತೀರ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 72 ವರ್ಷ. ಸಾಗರದಲ್ಲಿದ್ದಾರೆ, ಸರ್ಕಾರಿ ಕಚೇರಿಯಿಂದ ನಿವೃತ್ತರು. ಹಾಡು ಅಂದರೆ ಪ್ರಾಣ. ಅವರ ಹಾರ್ಡ್‌ಡಿಸ್ಕಿನಲ್ಲಿ ಸುಮಾರು 11,000 ಎಂಪಿ3 ಇವೆ. ಹಳೇ ಸಿನಿಮಾ ಹಾಡು, ಭಾವಗೀತೆ, ದಾಸರ ಪದ, ಹಿಂದೂಸ್ತಾನಿ, ಯಕ್ಷಗಾನ ಎಲ್ಲ ಒಟ್ಟಿಗೆ ಕಲಸಿದೆ. ಇದರ ಜೊತೆ ಬೀರುವಿನಲ್ಲಿ 140 ಕ್ಯಾಸೆಟ್. ಕ್ಯಾಸೆಟ್‌ಗಳಿಗೆ ಮಾತ್ರ ಒಂದು ನೋಟ್‌ಬುಕ್ ಇದೆ. ನಂಬರ್, ಎ ಬದಿ, ಬಿ ಬದಿ, ಹಾಡಿದವರು ಯಾರು, ರೇಡಿಯೋದಿಂದ ತುಂಬಿಸಿದ್ದೋ ಕಾರ್ಯಕ್ರಮದಲ್ಲಿ ಕೂತು ತುಂಬಿಸಿದ್ದೋ, ಎಲ್ಲ ದುಂಡಗೆ ಬರೆದಿಟ್ಟಿದ್ದಾರೆ.

ಕಂಪ್ಯೂಟರ್‌ನಲ್ಲಿ ಅವರು ಫೋಲ್ಡರ್ ತೆರೆದು ವಿಎಲ್‌ಸಿಯಲ್ಲಿ ಹಾಕಿಕೊಂಡು ಕೇಳುತ್ತಾರೆ. ಒಂದು ಹಾಡು ಹುಡುಕಲು ಅರ್ಧ ಗಂಟೆ ಹೋಗುತ್ತದೆ. ಕೆಲವು ಹಾಡಿನ ಹೆಸರು ಬರೀ ಪ್ರಶ್ನೆ ಚಿಹ್ನೆ. ಕೆಲವು ಕಡೆ ಯೆನ್ ಗುರುತು, ತಲೆ ಮೇಲೆ ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರ, ಏನೇನೋ ಬರುತ್ತದೆ. ಕೆಲವು ಮಾತ್ರ ಸರಿಯಾದ ಕನ್ನಡ.

ಅಪ್ಪ ಕನ್ನಡದಲ್ಲಿ ಟೈಪ್ ಮಾಡಿದರೆ ಹಾಡು ಸಿಗಬೇಕು. ಅಷ್ಟೇ ನನಗೆ ಬೇಕಾಗಿರುವುದು. ವಿಂಡೋಸ್ ಕಂಪ್ಯೂಟರ್. ಯಾವ ಪ್ಲೇಯರ್ ಹಾಕಿಕೊಡಲಿ?

ಸುಮ್ನೆ ಕೇಳುವವ

ಇಷ್ಟೆಲ್ಲ ಯಾಕೆ ಅಕ್ಕ? ಈಗ ಎಲ್ಲ ಹಾಡೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಫೋನಿನಲ್ಲಿ ಬಾಯಲ್ಲಿ ಹೇಳಿದರೂ ಹಾಡುತ್ತದೆ.

ಕರಾವಳಿ ಚೆಂಡೆ

ಎಲ್ಲ ಸಿಗುತ್ತದೆ ಅನ್ನುವುದು ಸಿನಿಮಾ ಹಾಡಿನ ಮಟ್ಟಿಗೆ ಇರಬಹುದು, ಅದೂ ಪೂರ್ತಿ ಅಲ್ಲ. ನಮ್ಮೂರ ಬಯಲಿನಲ್ಲಿ ನಡೆದ ಯಕ್ಷಗಾನದ ಆಟವನ್ನು ನಮ್ಮ ಮಾವ ಟೇಪಿನಲ್ಲಿ ಹಿಡಿದಿದ್ದರು. ಅದು ಯಾವ ಆ್ಯಪಿನಲ್ಲಿ ಸಿಗುತ್ತದೆ ಹೇಳಿ. ಇವರ ತಂದೆಯ 140 ಕ್ಯಾಸೆಟ್‌ನಲ್ಲಿ ಅರ್ಧ ಅಂಥವೇ ಇರಬೇಕು.

ಧಾರವಾಡಿ

ನಾನೂ ಆನ್‌ಲೈನ್ ನಂಬಿಕೊಂಡು ಕೂತಿದ್ದೆ ರೀ. ಎರಡು ವರ್ಷ ಕೂಡಿಸಿದ ಪಟ್ಟಿಯಲ್ಲಿ ಒಂದಿನ ನೋಡಿದರೆ ಹದಿನೈದು ಹಾಡು ಮಂಕಾಗಿ ಕೂತಿದ್ದವು. ಒತ್ತಿದರೆ ಹಾಡುವುದಿಲ್ಲ. ಹಕ್ಕು ಮುಗಿದರೆ ತೆಗೆದುಬಿಡುತ್ತಾರೆ. ನಮ್ಮ ಡಿಸ್ಕಿನಲ್ಲಿ ಇರುವುದು ನಮ್ಮದು.

ಪೆಟ್ಟಿಗೆ ಪ್ರೇಮಿ

ಫೂಬಾರ್2000 ಹಾಕಿ ಮೇಡಂ. 2002ರಿಂದ ಇದೆ, ಉಚಿತ, ಹಳೇ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡುತ್ತದೆ. 11,000 ಹಾಡು ಅದಕ್ಕೆ ಏನೂ ಅಲ್ಲ. ವಿಎಲ್‌ಸಿ ಒಳ್ಳೆಯದೇ, ಏನು ಕೊಟ್ಟರೂ ಹಾಡುತ್ತದೆ. ಆದರೆ ಅದು ಹಾಡಿಸುವ ಸಾಫ್ಟ್‌ವೇರ್, ಜೋಡಿಸುವುದಲ್ಲ.

ಮಲೆನಾಡ ಮಳೆ

ಫೂಬಾರ್ 72 ವರ್ಷದವರಿಗೆ ಕಷ್ಟ. ಮೊದಲ ಸಲ ತೆರೆದಾಗ ಬೋಳು ಬೋಳಾಗಿ ಕಾಣುತ್ತದೆ. ಮ್ಯೂಸಿಕ್‌ಬೀ ಹಾಕಿ. ಆಲ್ಬಂ ಚಿತ್ರಗಳು ಚಂದ ಕಾಣುತ್ತವೆ, ಅಕ್ಷರ ದೊಡ್ಡದು ಮಾಡಬಹುದು.

ಪೆಟ್ಟಿಗೆ ಪ್ರೇಮಿ

ಬೋಳಾಗಿರುವುದೇ ಅನುಕೂಲ ಅಲ್ವಾ? ಮಗಳು ಒಂದು ಸಲ ಹುಡುಕುವ ಪೆಟ್ಟಿಗೆ ಮತ್ತು ಹಾಡಿನ ಪಟ್ಟಿ ಇಟ್ಟುಕೊಟ್ಟರೆ ಮುಗಿಯಿತು. ಬೇರೆ ಗುಂಡಿಗಳು ಕಣ್ಣಿಗೇ ಬೀಳುವುದಿಲ್ಲ.

ನುಡಿಗಟ್ಟು

ಪ್ಲೇಯರ್ ಜಗಳ ಆಮೇಲೆ ಮಾಡಿ. ಈ ಹೆಸರುಗಳನ್ನು ಇಟ್ಟುಕೊಂಡು ಯಾವ ಪ್ಲೇಯರ್ ಹಾಕಿದರೂ ಹುಡುಕಲು ಆಗುವುದಿಲ್ಲ. ವರದಾತೀರ ಅವರೇ, ನಿಮ್ಮ ತಂದೆ ಕಚೇರಿಯಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದರಾ?

ವರದಾತೀರ

ಹೌದು! ನಿಮಗೆ ಹೇಗೆ ಗೊತ್ತಾಯಿತು? 2006ರ ಸುಮಾರಿಗೆ ಮನೆಗೆ ಕಂಪ್ಯೂಟರ್ ತಂದಾಗ ಸಂಜೆ ಹೊತ್ತು ಕೂತು ಹಾಡಿನ ಹೆಸರುಗಳನ್ನು ಅವರೇ ನುಡಿಯಲ್ಲಿ ತುಂಬಿದ್ದರು.

ನುಡಿಗಟ್ಟು

ಆ ಯೆನ್ ಗುರುತು ನೋಡಿ ಗೊತ್ತಾಯಿತು. ಸಂತೋಷದ ಸುದ್ದಿ ಏನೆಂದರೆ, ಆ ಕೆಲಸ ಹಾಳಾಗಿಲ್ಲ.

ನುಡಿ, ಅದರಂಥದ್ದೇ ಇನ್ನೊಂದಾದ ಬರಹ, ಇವುಗಳ ಹಳೇ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಚು. ಕಡತದೊಳಗೆ ತಂದೆಯವರು ಟೈಪ್ ಮಾಡಿದ ಪ್ರತಿ ಅಕ್ಷರವೂ ಹಾಗೇ ಇದೆ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಬೇಕು, ಅಷ್ಟೇ. ಪರಿವರ್ತಕ ನುಡಿಯಲ್ಲೇ ಇದೆ, ಬರಹದಲ್ಲೂ ಇದೆ.

ಪ್ರಶ್ನೆ ಚಿಹ್ನೆ ಇರುವವು ಬೇರೆ ಕಥೆ. ಕನ್ನಡ ಗೊತ್ತಿಲ್ಲದ ಯಾವುದೋ ಸಾಫ್ಟ್‌ವೇರ್ ಒಂದೊಂದು ಅಕ್ಷರವನ್ನೂ ತೆಗೆದು ಅಲ್ಲಿ ನಿಜವಾಗಿಯೇ ಪ್ರಶ್ನೆ ಚಿಹ್ನೆ ಬರೆದಿದೆ. ಅದು ವಾಪಸ್ ಬರುವುದಿಲ್ಲ. ಕೇಳಿ ಹೊಸದಾಗಿ ಬರೆಯಬೇಕು.

ಇನ್ನೊಂದು ಬಗೆಯೂ ಇರುತ್ತದೆ, ನೋಡಿಕೊಳ್ಳಿ. ತಲೆ ಮೇಲೆ ಗೀಟು ಇರುವ ಸಣ್ಣ ಎ, ಅದರ ಪಕ್ಕದಲ್ಲಿ ಮೇಲ್ಗಡೆ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಬರುತ್ತಿದ್ದರೆ ಅದು ಸರಿಯಾದ ಯೂನಿಕೋಡ್ ಕನ್ನಡವೇ. ಓದುವ ಸಾಫ್ಟ್‌ವೇರ್ ತಪ್ಪಾಗಿ ಓದುತ್ತಿದೆ. ಯುಟಿಎಫ್-8 ಅನ್ನುವುದು ಯೂನಿಕೋಡನ್ನು ಕಡತದಲ್ಲಿ ಬರೆಯುವ ಒಂದು ರೀತಿ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ ಮೂರು ಬೈಟ್. ಮೊದಲ ಎರಡು ಬೈಟ್ ಕನ್ನಡಕ್ಕೆಲ್ಲ ಎರಡೇ ಬಗೆ. ಆ ಪುಟ್ಟ 2 ಮತ್ತು 3 ಬರುವುದು ಅದರಿಂದಲೇ. ಹಾಡಿನ ಟ್ಯಾಗ್ (ಕಡತದೊಳಗೇ ಬರೆದಿಡುವ ಹೆಸರು, ಗಾಯಕರು ಇತ್ಯಾದಿ ವಿವರ) ತಿದ್ದುವ ಎಂಪಿ3ಟ್ಯಾಗ್ ಸಾಫ್ಟ್‌ವೇರಿನಲ್ಲಿ ಕೋಡ್‌ಪೇಜ್, ಅಂದರೆ ಅಕ್ಷರಗಳನ್ನು ಓದುವ ಪಟ್ಟಿ, ಬದಲಿಸುವ ಆಕ್ಷನ್ ಇದೆ, ಅದರಿಂದ ಸರಿಹೋಗುತ್ತದೆ.

ಮಲೆನಾಡ ಮಳೆ

ಇದು ಗೊತ್ತೇ ಇರಲಿಲ್ಲ. ನಾನು ಗೀಚು ಕಂಡದ್ದೆಲ್ಲ ಅಳಿಸಿ ಇಂಗ್ಲಿಷಿನಲ್ಲಿ ಬರೆದುಬಿಟ್ಟೆ. ಮುನ್ನೂರು ಹಾಡು.

ವರದಾತೀರ

ನುಡಿಗಟ್ಟು ಸರ್, ತುಂಬಾ ಧನ್ಯವಾದ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಖುಷಿಯಾಯಿತು ಅವರಿಗೆ. ಆದರೆ ಸಾವಿರಾರು ಹಾಡನ್ನು ಒಂದೊಂದಾಗಿ ಪರಿವರ್ತಕಕ್ಕೆ ಹಾಕಬೇಕಾ?

ನುಡಿಗಟ್ಟು

ಬೇಡ. ನಾನು ಮಾಡಿದ ರೀತಿ ಹೇಳುತ್ತೇನೆ. ಎಂಪಿ3ಟ್ಯಾಗ್‌ನಲ್ಲಿ ಒಂದು ಫೋಲ್ಡರ್ ತೆರೆಯಿರಿ. ಹಾಡಿನ ಹೆಸರುಗಳನ್ನು ಸಾಲಿಗೊಂದರಂತೆ ಟೆಕ್ಸ್ಟ್ ಕಡತಕ್ಕೆ ಎಕ್ಸ್‌ಪೋರ್ಟ್ ಮಾಡಿ. ಆ ಕಡತವನ್ನು ಪರಿವರ್ತಕಕ್ಕೆ ಕೊಡಿ. ಬಂದದ್ದನ್ನು ಟೆಕ್ಸ್ಟ್ ಕಡತದಿಂದ ಟ್ಯಾಗ್‌ಗೆ ತುಂಬುವ ಆಯ್ಕೆಯಿಂದ ವಾಪಸ್ ಹಾಕಿ. ಸಾಲಿನ ಕ್ರಮ ಮಾತ್ರ ಕದಲಬಾರದು. ನಡುವೆ ಒಂದು ಸಾಲು ಖಾಲಿ ಹೋದರೂ ಅಲ್ಲಿಂದ ಮುಂದಕ್ಕೆ ಎಲ್ಲ ಹೆಸರೂ ಪಕ್ಕದ ಹಾಡಿಗೆ ಹೋಗುತ್ತದೆ. ನನಗೆ ಹಾಗೆ ಆಗಿ ಒಂದು ರಾತ್ರಿ ಹಾಳಾಗಿತ್ತು. ಮೊದಲು ಪೂರ್ತಿ ಡಿಸ್ಕನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ನಕಲಿನ ಮೇಲೆ ಕೆಲಸ ಮಾಡಿ. ಒಂದು ಹಾಡು 5 ಎಂಬಿ ಅಂದುಕೊಂಡರೂ 11,000ಕ್ಕೆ 55 ಜಿಬಿ. ಈಗಿನ ಡಿಸ್ಕಿಗೆ ಅದು ಏನೂ ಅಲ್ಲ.

ಉಳಿಸುವಾಗ ಐಡಿ3 (ಎಂಪಿ3ಯಲ್ಲಿ ಟ್ಯಾಗ್ ಬರೆಯುವ ಮಾದರಿ) ಆವೃತ್ತಿ 2.3, ಯುಟಿಎಫ್-16 ಅಂತ ಇಟ್ಟುಕೊಳ್ಳಿ. 2.4ರಲ್ಲಿ ಯುಟಿಎಫ್-8 ಇದೆ, ಆದರೆ ಹಳೇ ಸಾಧನಗಳು 2.4 ಓದಲು ತಕರಾರು ಮಾಡುತ್ತವೆ. ಮೊದಲ ಆವೃತ್ತಿಯ ಟ್ಯಾಗ್ ಇದ್ದರೆ ತೆಗೆದುಹಾಕಿ. ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ. ಕನ್ನಡದಲ್ಲಿ 10 ಅಕ್ಷರ, ಗುಣಿತ, ಒತ್ತು ಎಲ್ಲ ಸೇರಿ.

ಲಿನಕ್ಸ್ ಲೋಕ

ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದರೆ ಸ್ಟ್ರಾಬೆರಿ, ಕ್ವಾಡ್ ಲಿಬೆಟ್ ಅನ್ನುವ ಪ್ಲೇಯರ್‌ಗಳಿವೆ. ಕ್ವಾಡ್ ಲಿಬೆಟ್‌ನಲ್ಲಿ ಹುಡುಕಾಟ ಎಷ್ಟು ಸೂಕ್ಷ್ಮವಾಗಿ ಬೇಕಾದರೂ ಮಾಡಬಹುದು.

ಪೆಟ್ಟಿಗೆ ಪ್ರೇಮಿ

ಅವರ ತಂದೆಯ ಕಂಪ್ಯೂಟರ್ ಬದಲಿಸುವ ಮಾತು ಬೇಡ ಮಾರಾಯ್ರೇ. ಅವರಿಗೆ ಅಭ್ಯಾಸ ಆಗಿರುವುದೇ ಇರಲಿ.

ಲಿನಕ್ಸ್ ಲೋಕ

ಒತ್ತಾಯ ಇಲ್ಲ, ಹೇಳಿದೆ ಅಷ್ಟೇ. ಆದರೆ ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಹೆಸರು, ಗಾಯಕರು, ರಾಗ, ಏನೇ ಬರೆದರೂ ಕಡತದ ಒಳಗಿನ ಟ್ಯಾಗ್‌ನಲ್ಲೇ ಬರೆಯಿರಿ. ಪ್ಲೇಯರ್‌ನ ಸ್ವಂತ ಡೇಟಾಬೇಸ್‌ನಲ್ಲಿ ಮಾತ್ರ ಉಳಿಯುವಂಥದ್ದನ್ನು ನಂಬಬೇಡಿ. ನಾನು 2009ರವರೆಗೆ ಒಂದು ಪ್ಲೇಯರ್‌ನಲ್ಲಿ ನಾಲ್ಕು ಸಾವಿರ ಹಾಡಿಗೆ ನಕ್ಷತ್ರ ಕೊಟ್ಟಿದ್ದೆ, ಟಿಪ್ಪಣಿ ಬರೆದಿದ್ದೆ. ಕಂಪ್ಯೂಟರ್ ಕೆಟ್ಟಿತು. ಹಾಡು ಬೇರೆ ಡಿಸ್ಕಿನಲ್ಲಿದ್ದವು, ಉಳಿದವು. ಬರೆದದ್ದೆಲ್ಲ ಡೇಟಾಬೇಸ್ ಜೊತೆ ಹೋಯಿತು. ವಿನ್ಯಾಂಪ್ 1997ರಲ್ಲಿ ಬಂತು, ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರ್‌ನಲ್ಲೂ ಇತ್ತು. ಐಟ್ಯೂನ್ಸ್ 2001ರಲ್ಲಿ ಬಂತು, 2019ರಲ್ಲಿ ಮ್ಯಾಕ್‌ನಲ್ಲಿ ಅದನ್ನು ಮೂರು ಭಾಗ ಮಾಡಿದರು. ಪ್ಲೇಯರ್ ಬರುತ್ತದೆ, ಹೋಗುತ್ತದೆ. ಟ್ಯಾಗ್ ಹಾಡಿನ ಜೊತೆ ಇರುತ್ತದೆ.

ನುಡಿಗಟ್ಟು

ನೂರಕ್ಕೆ ನೂರು ಒಪ್ಪುತ್ತೇನೆ.

ಧಾರವಾಡಿ

ರಾಗದ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರ ಧ್ವನಿಮುದ್ರಣ ಇಟ್ಟುಕೊಂಡವರಿಗೆ ಹಾಡಿನ ಹೆಸರಿಗಿಂತ ರಾಗ ಮುಖ್ಯ. ಒಂದೇ ರಾಗ ಒಬ್ಬರೇ ಐದು ಕಡೆ ಹಾಡಿರುತ್ತಾರೆ. ನಾನು ಫೂಬಾರ್‌ನಲ್ಲಿ ‘ರಾಗ’ ಅಂತ ಹೊಸ ಕಾಲಂ ಮಾಡಿಕೊಂಡಿದ್ದೇನೆ. ತಾಳ, ಊರು, ತಬಲಾ ಸಾಥಿ ಇವಕ್ಕೂ ಒಂದೊಂದು. ರಾಗ ಯಮನ್ ಇರುವುದೆಲ್ಲ ತಾನಾಗಿ ಒಂದು ಆಟೋಪ್ಲೇಲಿಸ್ಟ್‌ಗೆ ಬರುತ್ತದೆ. ಹೊಸ ಯಮನ್ ಸೇರಿಸಿದರೆ ಅದೂ ಬಂದು ಕೂರುತ್ತದೆ. ಕರ್ನಾಟಕಿ ಹಾಡೂ ಇದ್ದರೆ ಕಲ್ಯಾಣಿ ಮತ್ತು ಯಮನ್ ಒಂದೇ ಕಡೆ ಬರುವಂತೆ ಮಾಡಿಕೊಳ್ಳಬಹುದು. ಹಿಂದೋಳ ಮತ್ತು ಹಿಂಡೋಲ್ ಕೂಡ ಹಾಗೇ.

ತಂಬೂರಿ ತಂತಿ

ಇಲ್ಲ ಇಲ್ಲ, ಅದು ತಪ್ಪು! ಕರ್ನಾಟಕಿಯ ಹಿಂದೋಳಕ್ಕೆ ಹತ್ತಿರ ಇರುವುದು ಹಿಂದೂಸ್ತಾನಿಯ ಮಾಲ್ಕೌಂಸ್. ಹಿಂದೂಸ್ತಾನಿಯ ಹಿಂಡೋಲ್ ಬೇರೆಯೇ ರಾಗ, ಅದರಲ್ಲಿ ತೀವ್ರ ಮಧ್ಯಮ ಬರುತ್ತದೆ. ಹೆಸರು ಹತ್ತಿರ ಇದೆ ಅಂತ ಒಂದೇ ಟ್ಯಾಗ್ ಕೊಡಬೇಡಿ.

ಧಾರವಾಡಿ

ಸರಿ ಹೇಳಿದಿರಿ, ಬರೆಯುವ ಅವಸರದಲ್ಲಿ ತಪ್ಪಾಯಿತು. ಮಾಲ್ಕೌಂಸ್ ಅಂತಲೇ ಆಗಬೇಕು.

ತಂಬೂರಿ ತಂತಿ

ಕಲ್ಯಾಣಿ, ಯಮನ್ ಕೂಡ ನಾನಾದರೆ ಬೆರೆಸುವುದಿಲ್ಲ. ಸ್ವರ ಅವೇ ಇರಬಹುದು, ನಡೆ ಬೇರೆ. ಬೇಕಾದರೆ ‘ಹತ್ತಿರದ ರಾಗ’ ಅಂತ ಇನ್ನೊಂದು ಕಾಲಂ ಇಡಿ. ಮೂಲ ಕಾಲಂನಲ್ಲಿ ಹಾಡಿದವರು ಹೇಳಿದ ಹೆಸರೇ ಇರಲಿ.

ಮಲೆನಾಡ ಮಳೆ

ಪಿಕಾರ್ಡ್ ಅಂತ ಒಂದು ಸಾಫ್ಟ್‌ವೇರ್ ಇದೆಯಲ್ಲ, ಹಾಡಿನ ಸದ್ದು ಕೇಳಿ ಅದೇ ಹೆಸರು ತುಂಬುತ್ತದಂತೆ. ಅದನ್ನು ಬಿಟ್ಟರೆ ಈ ಕೆಲಸ ಎಲ್ಲ ತಾನಾಗಿ ಆಗುವುದಿಲ್ಲವಾ?

ಪೆಟ್ಟಿಗೆ ಪ್ರೇಮಿ

ಮ್ಯೂಸಿಕ್‌ಬ್ರೈನ್ಜ್‌ನವರ ಪಿಕಾರ್ಡ್. ಹಾಡಿನ ಬೆರಳಚ್ಚು ತೆಗೆದು ಅವರ ಪಟ್ಟಿಯೊಂದಿಗೆ ಹೋಲಿಸುತ್ತದೆ. ಪಟ್ಟಿಯಲ್ಲಿ ಯಾರಾದರೂ ಸೇರಿಸಿದ್ದರೆ ಮಾತ್ರ ಸಿಗುತ್ತದೆ. ಇಂಗ್ಲಿಷ್ ಆಲ್ಬಂಗಳಿಗೆ ಅದ್ಭುತ. ನನ್ನ ಹಳೇ ಕನ್ನಡ ಹಾಡುಗಳಲ್ಲಿ ಬಹಳಷ್ಟು ಸಿಗಲಿಲ್ಲ. ರೇಡಿಯೋದಿಂದ ತುಂಬಿಸಿದ ಕ್ಯಾಸೆಟ್‌ಗೆ ಅದು ಏನೂ ಮಾಡಲಾರದು.

ಅದಕ್ಕಿಂತ ದೊಡ್ಡ ತಲೆನೋವು ಗಾಯಕರ ಹೆಸರು. ನನ್ನ ಹತ್ತಿರ ಪಿ.ಬಿ. ಶ್ರೀನಿವಾಸ್ ಅವರ ಹೆಸರು ಏಳು ಬಗೆಯಲ್ಲಿ ಇತ್ತು. ಚುಕ್ಕೆ ಇಟ್ಟು, ಬಿಟ್ಟು, ಮೂರೇ ಅಕ್ಷರದಲ್ಲಿ, ‘ಡಾ.’ ಸೇರಿಸಿ, ಇಂಗ್ಲಿಷಿನಲ್ಲಿ ‘ಶ್ರೀ’ಗೆ ಒಂದು ಇ, ಎರಡು ಇ. ಪ್ಲೇಯರ್‌ಗೆ ಅವರು ಏಳು ಜನ. ಒಂದು ದಿನ ಕೂತು ಎಲ್ಲ ಗಾಯಕರಿಗೂ ಒಂದೊಂದೇ ಹೆಸರು ಅಂತ ಪಟ್ಟಿ ಮಾಡಿ, ಬಾಗಿಲ ಹಿಂದೆ ಅಂಟಿಸಿಕೊಂಡೆ. ಅದರ ಪ್ರಕಾರವೇ ಬರೆಯುತ್ತೇನೆ. ಯುಗಳ ಗೀತೆಯಾದರೆ ಇಬ್ಬರನ್ನೂ ಒಂದೇ ಹೆಸರಾಗಿ ಸೇರಿಸಬೇಡಿ, ಬೇರೆ ಬೇರೆ ಮೌಲ್ಯವಾಗಿ ಕೊಡಿ. ಆಗ ಎಸ್. ಜಾನಕಿ ಅಂತ ಹುಡುಕಿದರೆ ಅವರು ಯಾರ ಜೊತೆ ಹಾಡಿದ್ದರೂ ಸಿಗುತ್ತದೆ.

ನುಡಿಗಟ್ಟು

ಕನ್ನಡದಲ್ಲಿ ಬರೆದರೂ ಇನ್ನೊಂದು ಅಪಾಯ ಇದೆ. ‘ರಾಜ್‌ಕುಮಾರ್’ ಅನ್ನುವಾಗ ಜ್ ಮತ್ತು ಕು ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಒಂದು ಹಾಡಿನಲ್ಲಿ ಆ ಗುರುತು ಇದ್ದು, ಇನ್ನೊಂದರಲ್ಲಿ ‘ರಾಜಕುಮಾರ್’ ಅಂತಿದ್ದರೆ, ಹುಡುಕಿದಾಗ ಒಂದೇ ಸಿಗುತ್ತದೆ. ಯಾವುದಾದರೂ ಒಂದನ್ನು ಹಿಡಿಯಿರಿ.

ಮ್ಯಾಕ್‌ನಿಂದ ಬಂದ ಕಡತಗಳಿದ್ದರೆ ಅದೂ ಗಮನಿಸಿ. ಕೋ ಅನ್ನುವುದನ್ನು ಒಂದೇ ಓಕಾರದ ಚಿಹ್ನೆಯಿಂದಲೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಅಂತ ಮೂರು ಚೂರು ಮಾಡಿಯೂ ಬರೆಯಬಹುದು. ಎರಡಕ್ಕೂ ಯೂನಿಕೋಡ್‌ನಲ್ಲಿ ಒಂದೇ ಬೆಲೆ, ನೋಡಲೂ ಒಂದೇ ಥರ. ಆದರೆ ಮ್ಯಾಕ್‌ನ ಹಳೇ ಡಿಸ್ಕ್ ವ್ಯವಸ್ಥೆ ಕಡತದ ಹೆಸರನ್ನು ಚೂರು ಮಾಡಿ ಇಡುತ್ತಿತ್ತು. ಅದನ್ನು ವಿಂಡೋಸ್‌ನಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ.

ಕರಾವಳಿ ಚೆಂಡೆ

ಅಯ್ಯೋ, ಕಾರಣ ಇದಾ! ಅಮೆರಿಕದಿಂದ ಅಣ್ಣ ಕಳಿಸಿದ ಡಿಸ್ಕಿನಲ್ಲಿ ‘ಕೋ’, ‘ಗೋ’ ಇರುವ ಪ್ರಸಂಗ ಯಾವುದೂ ಸಿಗುತ್ತಿರಲಿಲ್ಲ. ಕಣ್ಣೆದುರಿಗೆ ಇದೆ, ಹುಡುಕಿದರೆ ಇಲ್ಲ ಅನ್ನುತ್ತಿತ್ತು. ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆ.

ಟೇಪ್ ರಿಪೇರಿ

ಕ್ಯಾಸೆಟ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮೂವತ್ತು ವರ್ಷ ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು. ತಂಗಿ, ದಯವಿಟ್ಟು ಅವುಗಳನ್ನು ಕಂಡಕಂಡ ಅಂಗಡಿಗೆ ಕೊಡಬೇಡ.

ಮನೆಯಲ್ಲೇ ಮಾಡಬಹುದು. ಯುಎಸ್‌ಬಿ ಇರುವ ಸಣ್ಣ ಪ್ಲಾಸ್ಟಿಕ್ ಪ್ಲೇಯರ್ ಬೇಡ, ಅದರ ಮೋಟಾರು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಹಳೇ ಒಳ್ಳೇ ಕ್ಯಾಸೆಟ್ ಡೆಕ್ ಹುಡುಕಿ. ಲೈನ್ ಔಟ್‌ನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ವೈರು. ಟೇಪಿನಿಂದ ಸದ್ದು ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಎಷ್ಟೋ ವರ್ಷ ಓಡಿಸದ ಕ್ಯಾಸೆಟ್ ಆದರೆ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ. ಒಳಗೆ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಸದ್ದು ಮಂಕಾಗುತ್ತದೆ. ಬೇರೆ ಖಾಲಿ ಕ್ಯಾಸೆಟ್‌ನ ಚಿಪ್ಪಿಗೆ ಟೇಪ್ ಬದಲಿಸಿದರೆ ಸರಿಹೋಗುತ್ತದೆ.

ಮುಖ್ಯವಾದದ್ದು ಇನ್ನೊಂದು. ಹೆಡ್ಡಿನ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಅದು ಹೆಡ್ಡಿನ ಓರೆ ಸರಿಮಾಡಲು. ಒಂದೊಂದು ಕ್ಯಾಸೆಟ್ ಒಂದೊಂದು ಮಷೀನಿನಲ್ಲಿ ತುಂಬಿದ್ದಾದ್ದರಿಂದ ಓರೆ ಬೇರೆ ಬೇರೆ. ಹಾಡು ಓಡುತ್ತಿರುವಾಗ ತಾಳದ ಝಣಝಣ ಅತಿ ಸ್ಪಷ್ಟವಾಗಿ ಕೇಳುವ ಜಾಗಕ್ಕೆ ನಿಧಾನ ತಿರುಗಿಸಿ ನಿಲ್ಲಿಸಬೇಕು. ಇದನ್ನು ತುಂಬಿಸುವ ಮೊದಲೇ ಮಾಡಬೇಕು. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಎಷ್ಟು ಒದ್ದಾಡಿದರೂ ಆ ಝಣಝಣ ವಾಪಸ್ ಬರುವುದಿಲ್ಲ.

ವರದಾತೀರ

ನೀವು ಹೇಳಿದ್ದು ಕೇಳಿ ಹೊಟ್ಟೆ ಉರಿಯಿತು. ಹೋದ ವರ್ಷ ಪರೀಕ್ಷೆಗೆ ಅಂತ ಆರು ಕ್ಯಾಸೆಟ್ ಒಂದು ಅಂಗಡಿಗೆ ಕೊಟ್ಟಿದ್ದೆ. ಎಲ್ಲ ಮೋನೋ, 64 ಕೆಬಿಪಿಎಸ್ ಎಂಪಿ3 ಮಾಡಿಕೊಟ್ಟರು. ಗೊರಗೊರ ತೆಗೆಯಲು ಹೋಗಿ ಹಾಡು ನೀರಿನೊಳಗಿಂದ ಕೇಳಿದ ಹಾಗಾಗಿದೆ. ಅಪ್ಪ ಒಂದು ನಿಮಿಷ ಕೇಳಿ ಎದ್ದು ಹೋದರು. ಕ್ಯಾಸೆಟ್ ಮಾತ್ರ ವಾಪಸ್ ಬಂದಿವೆ.

ಟೇಪ್ ರಿಪೇರಿ

ಕ್ಯಾಸೆಟ್ ಬಂದಿದೆಯಲ್ಲ, ಹೆದರಬೇಡ. ಮತ್ತೆ ತುಂಬಿಸಬಹುದು.

ಪೆಟ್ಟಿಗೆ ಪ್ರೇಮಿ

ಆಡಾಸಿಟಿ ಅನ್ನುವ ಧ್ವನಿಮುದ್ರಣ ಸಾಫ್ಟ್‌ವೇರಿನಲ್ಲಿ ತುಂಬಿಸಿ, ಅದೂ ಉಚಿತ. ಮಟ್ಟ ಮೈನಸ್ 6 ಡೆಸಿಬೆಲ್ ಹತ್ತಿರ ಇರಲಿ, ಕೆಂಪಿಗೆ ಮುಟ್ಟಬಾರದು. ಉಳಿಸುವಾಗ ಫ್ಲ್ಯಾಕ್ ಮಾಡಿ, ಎಂಪಿ3 ಬೇಡ. ಸಿಡಿ ಗುಣಮಟ್ಟದ ವೇವ್ ಕಡತ ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್ ಒಂದು ಬಿಟ್ಟೂ ಕಳೆಯದೆ ಅದನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಕನ್ನಡ ಟ್ಯಾಗ್‌ಗೂ ತೊಂದರೆ ಇಲ್ಲ, ಅದರಲ್ಲಿ ಮೊದಲಿನಿಂದಲೂ ಯುಟಿಎಫ್-8. ಗೊರಗೊರ ತೆಗೆಯದ ಮೂಲ ಪ್ರತಿ ಒಂದು ಯಾವತ್ತೂ ಇರಲಿ.

ಒಂದು ಗಂಟೆ ಕ್ಯಾಸೆಟ್‌ಗೆ ಒಂದು ಗಂಟೆ ಬೇಕೇ ಬೇಕು. 140 ಕ್ಯಾಸೆಟ್ ಅಂದರೆ ದಿನಕ್ಕೊಂದರಂತೆ ನಾಲ್ಕೂವರೆ ತಿಂಗಳು. ತಂದೆಯವರೇ ಮಾಡಲಿ. ಕೇಳಿದ ಹಾಗೂ ಆಯಿತು.

ಕರಾವಳಿ ಚೆಂಡೆ

ಯಕ್ಷಗಾನದ ಕ್ಯಾಸೆಟ್ ತುಂಡು ಮಾಡಬೇಡಿ! ಒಂದು ಬದಿಗೆ ಒಂದು ಕಡತ ಹಾಗೇ ಇರಲಿ. ಪಕ್ಕದಲ್ಲಿ ಒಂದು ಕ್ಯೂ ಕಡತ ಮಾಡಿ. ಅದು ಬರೀ ಟೆಕ್ಸ್ಟ್. ಎಷ್ಟನೇ ನಿಮಿಷಕ್ಕೆ ಯಾವ ಪದ, ಯಾರ ಭಾಗವತಿಕೆ, ಯಾವ ಪಾತ್ರದ ಪ್ರವೇಶ ಅಂತ ಬರೆದರೆ ಫೂಬಾರ್ ಅದನ್ನು ಬೇರೆ ಬೇರೆ ಹಾಡಿನಂತೆ ತೋರಿಸುತ್ತದೆ. ಕಡತ ಮಾತ್ರ ಒಂದೇ. ಪದ ಮುಗಿದು ಅರ್ಥ (ಪಾತ್ರಗಳ ಮಾತು) ಶುರುವಾಗುವಾಗ ನಡುವೆ ಕಡಿತ ಇರುವುದಿಲ್ಲ. ಕ್ಯೂ ಕಡತವನ್ನು ಯುಟಿಎಫ್-8ರಲ್ಲಿ, ಬಿಒಎಂ (ಇದು ಯುಟಿಎಫ್-8 ಅಂತ ಹೇಳಲು ಕಡತದ ಆರಂಭದಲ್ಲಿ ಇಡುವ ಗುರುತು) ಸಮೇತ ಉಳಿಸಿ. ಇಲ್ಲದಿದ್ದರೆ ಮತ್ತೆ ಗೀಚು.

ಸುಮ್ನೆ ಕೇಳುವವ

ಇಷ್ಟು ಓದಿದ ಮೇಲೆ ಅನಿಸಿತು, ನಮ್ಮ ಅಜ್ಜಿ ಮನೆಯಲ್ಲೂ ಒಂದು ಚೀಲ ಕ್ಯಾಸೆಟ್ ಇದೆ. ಟೇಪ್ ರಿಪೇರಿ ಸರ್, ಬೂಷ್ಟು ಹಿಡಿದಿದ್ದರೆ ಓಡಿಸಬಹುದಾ?

ಟೇಪ್ ರಿಪೇರಿ

ಹಾಗೇ ಓಡಿಸಬೇಡಪ್ಪ, ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಮೊದಲು ಬೇರೆ ಪೆಟ್ಟಿಗೆಯಲ್ಲಿಡು. ಫೋಟೋ ಹಾಕು, ನೋಡಿ ಹೇಳುತ್ತೇನೆ.

ಲಿನಕ್ಸ್ ಲೋಕ

ವರದಾತೀರ ಅವರೇ, ಆ ನೋಟ್‌ಬುಕ್ಕಿನ ಕ್ಯಾಸೆಟ್ ನಂಬರನ್ನು ಟ್ಯಾಗ್‌ಗೆ ಸೇರಿಸುವುದನ್ನು ಮರೆಯಬೇಡಿ. ನಿಮ್ಮ ತಂದೆಗೆ ಹಾಡು ನೆನಪಿರುವುದು ಆ ನಂಬರಿನಿಂದಲೇ ಇರಬಹುದು. ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ಕೂಡ ಅದೇ ಫೋಲ್ಡರಿನಲ್ಲಿ ಹಾಕಿ.

ವರದಾತೀರ

ಮೂರು ವಾರ ಆಯಿತು, ಏನೇನಾಯಿತು ಅಂತ ಹೇಳಬೇಕು ಅಂತ ಬಂದೆ.

ಊರಿಗೆ ಹೋಗಿದ್ದೆ. ನಾಲ್ಕು ಸಾವಿರ ಚಿಲ್ಲರೆ ಹಾಡಿನ ಹೆಸರು ನುಡಿಯಿಂದ ಯೂನಿಕೋಡ್‌ಗೆ ಬಂತು. ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದನ್ನು ಅಪ್ಪನೇ ತಿದ್ದುತ್ತಿದ್ದಾರೆ. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ, ಕೀಲಿಮಣೆ ಮೊದಲಿನದೇ. ಅವರ ಬೆರಳಿಗೆ ಅಭ್ಯಾಸ ಇದ್ದದ್ದೇ ಸಾಕಾಯಿತು. ಫೂಬಾರ್ ಹಾಕಿಕೊಟ್ಟೆ, ಅಕ್ಷರ ದೊಡ್ಡದು ಮಾಡಿ. ಪಕ್ಕದ ಊರಿನಲ್ಲಿ ಒಬ್ಬರ ಹತ್ತಿರ ಡೆಕ್ ಸಿಕ್ಕಿತು. ಹನ್ನೊಂದು ಕ್ಯಾಸೆಟ್ ಮುಗಿದಿದೆ. ಸ್ಕ್ರೂ ತಿರುಗಿಸುವುದು ಅಪ್ಪನಿಗೆ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ನನಗೆ ಕೇಳಿಸದ ವ್ಯತ್ಯಾಸ ಅವರಿಗೆ ಕೇಳಿಸುತ್ತದೆ.

ಲಿನಕ್ಸ್ ಲೋಕ ಅವರು ಹೇಳಿದ್ದು ನಿಜ. ಅಪ್ಪ ಹುಡುಕುವ ಪೆಟ್ಟಿಗೆಯಲ್ಲಿ ಮೊದಲು ಟೈಪ್ ಮಾಡಿದ್ದು ಹಾಡಿನ ಹೆಸರಲ್ಲ, 14 ಅಂತ. ಒಂದು ತೊಂದರೆ ಆಯಿತು. 14 ಅಂದರೆ 14ನೇ ಕ್ಯಾಸೆಟ್ ಜೊತೆಗೆ 14 ಅಂಕೆ ಇರುವ ಬೇರೆ ನೂರಾರು ಹಾಡೂ ಬಂದವು. ಅದಕ್ಕೇನು ಮಾಡಲಿ?

ಪೆಟ್ಟಿಗೆ ಪ್ರೇಮಿ

ನಂಬರಿನ ಮುಂದೆ ‘ಕ್ಯಾ’ ಅಂತ ಸೇರಿಸಿ, ನಡುವೆ ಜಾಗ ಬಿಡದೆ. ಆಮೇಲೆ ಎಲ್ಲ ನಂಬರಿಗೂ ಮೂರು ಅಂಕೆ ಇರಲಿ, ಕ್ಯಾ014 ಅಂತ. ಬರೀ ಕ್ಯಾ14 ಅಂದರೆ 140ನೇದೂ ಬರುತ್ತದೆ.

ವರದಾತೀರ

ಸರಿಹೋಯಿತು! ಅಪ್ಪ ಈಗ ನೋಟ್‌ಬುಕ್ ತೆಗೆದುಕೊಂಡು ಕೂತು, ಅದರಲ್ಲೂ ಪ್ರತಿ ನಂಬರಿನ ಮುಂದೆ ಸೊನ್ನೆ ಬರೆಯುತ್ತಿದ್ದಾರೆ.